ಕನ್ನಡ ಗೂಗಲ್‌ನಲ್ಲಿ ಸಿಗಲ್ಲವೇ? ಮೊದಲು ನಮ್ಮ ದಣಪೆ ನೋಡೋಣ

ಮಾನ್ಯ ಸಂಪಾದಕರೇ,

ಗೂಗಲ್‌ನಲ್ಲಿ ಕನ್ನಡದಲ್ಲಿ ಹುಡುಕಿದರೆ ಒಳ್ಳೆಯ ಬರಹ ಸಿಗುವುದೇ ಇಲ್ಲ, ಆ ಕಂಪನಿಗೆ ಕನ್ನಡ ಅಂದರೆ ತಾತ್ಸಾರ ಎಂದು ನಿವೃತ್ತ ಮೇಷ್ಟ್ರೊಬ್ಬರು ನಿಮ್ಮ ಓದುಗರ ಪತ್ರಗಳಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೂ ಇದೆ. ಆದರೆ ನಾನು ಸಾಗರದಲ್ಲಿ ಕೂತು ಶಾಲೆ, ಸೊಸೈಟಿ, ಹೋಂಸ್ಟೇ, ಸಾಹಿತ್ಯ ಸಂಘ ಅಂತ ಸಣ್ಣಪುಟ್ಟವರಿಗೆ ವೆಬ್‌ಸೈಟ್ ಮಾಡಿಕೊಡುವವಳು. ಬೇರೆಯವರು ಮಾಡಿದ್ದು ಕೆಟ್ಟರೆ ರಿಪೇರಿ ಮಾಡುವವಳೂ ಹೌದು. ನಾನು ಕಂಡ ಹಾಗೆ ಎಷ್ಟೋ ಸಲ ಗೂಗಲ್ ಬಾಗಿಲ ತನಕ ಬಂದಿರುತ್ತದೆ. ಒಳಗೆ ಬರಬೇಡ ಅಂತ ನಾವೇ ಬರೆದು ಹಾಕಿರುತ್ತೇವೆ. ಹಾಗೆ ಬರೆದದ್ದು ನಮಗೇ ಗೊತ್ತಿರುವುದಿಲ್ಲ, ಅಷ್ಟೇ.

ಆ ಬರಹ ಇರುವುದು ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಪುಟ್ಟ ಫೈಲಿನಲ್ಲಿ. ಗೂಗಲ್, ಬಿಂಗ್ ಮುಂತಾದ ಸರ್ಚ್ ಎಂಜಿನ್‌ಗಳು ಪುಟಗಳನ್ನು ಓದಿಕೊಂಡು ಬರಲು ಒಂದೊಂದು ಪ್ರೋಗ್ರಾಂ ಬಿಟ್ಟಿರುತ್ತವೆ. ಅದನ್ನು ನಾವು ಕ್ರಾಲರ್ ಅಥವಾ ಬಾಟ್ ಅನ್ನುತ್ತೇವೆ. ಮರ್ಯಾದಸ್ಥ ಬಾಟ್ ಯಾವ ಸೈಟಿಗೆ ಹೋದರೂ ಮೊದಲು ಈ ಫೈಲು ಕೇಳುತ್ತದೆ. ಅದರಲ್ಲಿ ಇರುವುದು ಎರಡೇ ಥರದ ಸಾಲು ಅಂತ ಇಟ್ಟುಕೊಳ್ಳಿ. ಯೂಸರ್-ಏಜೆಂಟ್ ಎಂಬ ಸಾಲು ಯಾವ ಬಾಟ್‌ಗೆ ಹೇಳುತ್ತಿದ್ದೇವೆ ಅಂತ ತಿಳಿಸುತ್ತದೆ. ಅಲ್ಲಿ ನಕ್ಷತ್ರದ ಗುರುತು ಇದ್ದರೆ ಎಲ್ಲರಿಗೂ ಅಂತ ಅರ್ಥ. ಡಿಸ್‌ಅಲೌ ಎಂಬ ಸಾಲು ಎಲ್ಲಿಗೆ ಹೋಗಬಾರದು ಅಂತ ತಿಳಿಸುತ್ತದೆ. ಇದರಲ್ಲಿ ಗುಟ್ಟೇನೂ ಇಲ್ಲ. ಯಾವುದೇ ಸೈಟಿನ ವಿಳಾಸ ಬರೆದು, ಮುಂದೆ ಒಂದು ಸ್ಲ್ಯಾಷ್ (ಓರೆಗೆರೆ) ಹಾಕಿ, ಈ ಫೈಲಿನ ಹೆಸರು (robots.txt) ಟೈಪ್ ಮಾಡಿದರೆ ನಿಮ್ಮ ಮೊಬೈಲಿನಲ್ಲೇ ತೆರೆದುಕೊಳ್ಳುತ್ತದೆ. ನಿಮ್ಮ ಪತ್ರಿಕೆಯ ಸೈಟಿನದ್ದನ್ನೂ ಹೀಗೇ ನೋಡಬಹುದು. ನಾನಂತೂ ನೋಡಿದ್ದೇನೆ!

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆಯ ಒಂದು ಸಾಹಿತ್ಯ ಸಂಘದ ಸೈಟು. ಹೆಸರು ಬೇಡ. ಕಥೆ, ಕವಿತೆ, ಕಾದಂಬರಿ ಭಾಗಗಳು, ಹಳೆಯ ಸಂಚಿಕೆಗಳು, ಎಲ್ಲ ಯುನಿಕೋಡ್ ಕನ್ನಡದಲ್ಲಿ, ಅಂದರೆ ಯಾವ ಕಂಪ್ಯೂಟರಿಗೂ ಕನ್ನಡ ಅಂತಲೇ ತಿಳಿಯುವ ಅಕ್ಷರಗಳಲ್ಲಿ, ಚೆಂದವಾಗಿ ಟೈಪ್ ಮಾಡಿ ಹಾಕಿದ್ದರು. ಕಾರ್ಯದರ್ಶಿಗಳು ಫೋನ್ ಮಾಡಿ, "ಏನಮ್ಮಾ, ನಮ್ಮ ಇಂಗ್ಲಿಷ್ ಪುಟಗಳು ಮಾತ್ರ ಗೂಗಲ್‌ನಲ್ಲಿ ಬರ್ತವೆ, ಕನ್ನಡದ್ದು ಒಂದೂ ಬರಲ್ಲ. ಕನ್ನಡ ಅಂದ್ರೆ ಹೀಗೇನಾ?" ಅಂದರು. ಸೈಟಿನ ಒಳಗೆ ಹೋಗಿ ನೋಡಿದರೆ ಎಲ್ಲ ಸರಿಯಾಗಿದೆ. ಪುಟ ತೆರೆಯುತ್ತದೆ, ಅಕ್ಷರ ಸರಿ ಇದೆ, ಶೀರ್ಷಿಕೆ ಇದೆ. ಕೊನೆಗೆ ರೋಬಾಟ್ಸ್ ಫೈಲು ತೆರೆದೆ. ಡಿಸ್‌ಅಲೌ ಅಂತ ಬರೆದು, ಮುಂದೆ ಸ್ಲ್ಯಾಷ್, ಆಮೇಲೆ ಇಂಗ್ಲಿಷ್‌ನ ಕೆ ಮತ್ತು ಎ. ಅಷ್ಟೇ ಇತ್ತು.

ಆಗಿದ್ದು ಏನೆಂದರೆ, ಸಂಘದ ಕಚೇರಿ ಕಾಗದಪತ್ರ ಇಡಲು ಯಾರೋ 'ಕ' ಅಂತ ಒಂದು ಫೋಲ್ಡರ್ ಮಾಡಿದ್ದರು. ಇಂಗ್ಲಿಷ್‌ನಲ್ಲಿ ಎರಡಕ್ಷರ. ಅದು ಗೂಗಲ್‌ಗೆ ಕಾಣುವುದು ಬೇಡ ಅಂತ ಆ ಸಾಲು ಹಾಕಿದ್ದಾರೆ. ಉದ್ದೇಶ ಸರಿಯೇ. ಆದರೆ ಈ ಫೈಲಿನಲ್ಲಿ ಹೋಲಿಕೆ ನಡೆಯುವುದು ಮೊದಲಿನಿಂದ. ಕೆ, ಎ ಎಂದು ಶುರುವಾಗುವ ಎಲ್ಲ ವಿಳಾಸವೂ ಆ ಸಾಲಿನ ಕೆಳಗೆ ಬರುತ್ತದೆ. ಕಥೆ ಹೋಯಿತು, ಕವಿತೆ ಹೋಯಿತು, ಕಾದಂಬರಿ ಹೋಯಿತು. ಕಡೆಗೆ ಕನ್ನಡ ಅಂತ ಹೆಸರಿಟ್ಟ ಇಡೀ ವಿಭಾಗವೇ ಹೋಯಿತು. ಉಳಿದದ್ದು ಇಂಗ್ಲಿಷ್ ವಿಭಾಗ ಮಾತ್ರ! ಆ ಎರಡಕ್ಷರದ ಕೊನೆಗೆ ಇನ್ನೊಂದು ಸ್ಲ್ಯಾಷ್ ಹಾಕಿದ್ದರೆ ಫೋಲ್ಡರಿಗಷ್ಟೇ ತಡೆ ಆಗುತ್ತಿತ್ತು. ಹಾಕಿದೆ. ಗೂಗಲ್ ಈ ಫೈಲನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮತ್ತೆ ಓದುತ್ತದೆ. ಆದರೆ ಅಷ್ಟು ದಿನ ಕಾಣದೇ ಇದ್ದ ಪುಟಗಳು ಹುಡುಕಾಟಕ್ಕೆ ಬರುವುದು ನಿಧಾನ. ಒಂದೊಂದಾಗಿ ಬಂದವು. ಕಾರ್ಯದರ್ಶಿಗಳಿಗೆ ಖುಷಿಯಾಯಿತು. ಆದರೂ ಗೂಗಲ್ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ, ಬಿಡಿ.

ಇದಕ್ಕಿಂತ ಜಾಸ್ತಿ ಸಿಗುವುದು ಇನ್ನೊಂದು ಥರ. ಸೈಟು ತಯಾರಾಗುವಾಗ ಅರ್ಧಂಬರ್ಧ ಪುಟಗಳು ಗೂಗಲ್‌ಗೆ ಕಾಣದಿರಲಿ ಅಂತ ಡಿಸ್‌ಅಲೌ ಮುಂದೆ ಒಂದೇ ಒಂದು ಸ್ಲ್ಯಾಷ್ ಹಾಕಿರುತ್ತಾರೆ. ಅಂದರೆ ಇಡೀ ಸೈಟು ಬಂದ್. ಸ್ಲ್ಯಾಷ್ ತೆಗೆದು ಸುಮ್ನೆ ಖಾಲಿ ಬಿಟ್ಟರೆ ಎಲ್ಲ ಮುಕ್ತ. ಒಂದು ಓರೆಗೆರೆಯ ವ್ಯತ್ಯಾಸ. ಆಮೇಲೆ ಉದ್ಘಾಟನೆ ಆಗುತ್ತದೆ, ಅಧ್ಯಕ್ಷರು ಗುಂಡಿ ಒತ್ತುತ್ತಾರೆ, ಶಾಲು ಹೊದಿಸುತ್ತಾರೆ, ಫೋಟೋ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ಗೆರೆ ತೆಗೆಯುವುದು ಯಾರಿಗೂ ನೆನಪಾಗುವುದಿಲ್ಲ. ಸೈಟು ಕಟ್ಟುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಮಾಡಿದ ಸೈಟಾದರೆ ಸೆಟ್ಟಿಂಗ್ಸ್ ಒಳಗೆ ರೀಡಿಂಗ್ ಅಂತ ಇದೆ. ಅಲ್ಲಿ ಸರ್ಚ್ ಎಂಜಿನ್‌ಗಳು ಬೇಡ ಅನ್ನುವ ಒಂದು ಟಿಕ್ ಇರುತ್ತದೆ. 2019ರಲ್ಲಿ ಬಂದ 5.3 ಆವೃತ್ತಿಯಿಂದ ಈಚೆಗೆ ಆ ಟಿಕ್ ಹಾಕಿದರೆ ತಡೆ ರೋಬಾಟ್ಸ್ ಫೈಲಿನಲ್ಲಿ ಕಾಣುವುದಿಲ್ಲ. ಪ್ರತಿ ಪುಟದ ಒಳಗೇ ನೋಇಂಡೆಕ್ಸ್ ಅಂತ, ಅಂದರೆ ಹುಡುಕಾಟದಲ್ಲಿ ತೋರಿಸಬೇಡ ಅಂತ, ಸೇರಿಕೊಳ್ಳುತ್ತದೆ. ಹಾಗಾಗಿ ಫೈಲು ಸರಿ ಇದ್ದರೂ ಆ ಟಿಕ್ ಒಮ್ಮೆ ನೋಡಿಬಿಡಿ.

ಇನ್ನು ಕೆಲವು ಕಡೆ ಫೈಲೂ ಸರಿ, ಟಿಕ್ಕೂ ಸರಿ, ಆದರೆ ಸೈಟು ಇಟ್ಟಿರುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ವಿದೇಶದಿಂದ ಬರುವವರಿಗೆಲ್ಲ ತಡೆ ಇರುತ್ತದೆ. ಸೆಕ್ಯುರಿಟಿ ಅಂತ ಹಾಕಿರುತ್ತಾರೆ. ಗೂಗಲ್‌ನ ಬಾಟ್ ಹೆಚ್ಚಾಗಿ ಬರುವುದೇ ಅಮೆರಿಕದ ವಿಳಾಸದಿಂದ. ನಿಮಗೆ ಇಲ್ಲಿ ಕೂತು ನೋಡಿದರೆ ಸೈಟು ಲಕಲಕ. ಅದಕ್ಕೆ ಮಾತ್ರ ಏನೂ ಕಾಣಿಸುವುದಿಲ್ಲ. ವಿಚಿತ್ರ ಅಂದರೆ ರೋಬಾಟ್ಸ್ ಫೈಲೇ ಇಲ್ಲದಿದ್ದರೆ ಗೂಗಲ್ ಅದನ್ನು 'ಎಲ್ಲ ಓದಬಹುದು' ಅಂತ ತಿಳಿಯುತ್ತದೆ. ಫೈಲು ಕೇಳಿದಾಗ ಸರ್ವರ್ ಕೆಟ್ಟು 500ರ ಸಾಲಿನ ಎರರ್ ಕೊಟ್ಟರೆ ಮಾತ್ರ 'ಸದ್ಯಕ್ಕೆ ಏನೂ ಮುಟ್ಟಬಾರದು' ಅಂತ ವಾಪಸ್ ಹೋಗುತ್ತದೆ. ಫೈಲು ಇಲ್ಲದಿರುವುದಕ್ಕಿಂತ ಕೆಟ್ಟ ಸರ್ವರ್ ಅಪಾಯ.

ಈ ಏರ್ಪಾಡು ಹಳೆಯದು. 1994ರಲ್ಲಿ, ಅಂದರೆ ಗೂಗಲ್ ಹುಟ್ಟುವ ಮೊದಲೇ, ಮಾರ್ಟಿನ್ ಕೋಸ್ಟರ್ ಎಂಬುವರು ಇದನ್ನು ಸೂಚಿಸಿದರು. ಆಗಿನ ಬಾಟ್‌ಗಳು ಸಣ್ಣ ಸರ್ವರ್‌ಗಳ ಮೇಲೆ ಒಂದೇ ಸಮನೆ ಮುಗಿಬಿದ್ದು ಉಸಿರು ಕಟ್ಟಿಸುತ್ತಿದ್ದವು. ಅದಕ್ಕೆ, ಎಲ್ಲಿ ಬರಬೇಕು ಎಲ್ಲಿ ಬರಬಾರದು ಅಂತ ಸೈಟಿನವರು ಒಂದು ಕಡೆ ಬರೆದಿಡಲಿ, ಬಾಟ್ ನಡೆಸುವವರು ಓದಿ ಪಾಲಿಸಲಿ ಅಂತ ಒಂದು ಮಾತುಕತೆ. ಬರೀ ಒಪ್ಪಂದ, ಪೊಲೀಸ್ ಇಲ್ಲ, ದಂಡ ಇಲ್ಲ. ಹಾಗೇ ಇಪ್ಪತ್ತೆಂಟು ವರ್ಷ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 9309 ಎಂಬ ಇಂಟರ್‌ನೆಟ್ ನಿಯಮಗಳ ದಾಖಲೆಯಾಗಿ ವಿಧಿವತ್ತಾಗಿ ಬರೆದಿಟ್ಟರು. ಬರೆದವರಲ್ಲಿ ಕೋಸ್ಟರ್ ಅವರೂ ಇದ್ದಾರೆ. ಅದರ ಪೀಠಿಕೆಯಲ್ಲೇ ಈ ನಿಯಮಗಳು ಒಳಗೆ ಬಿಡುವ ಬಿಡದಿರುವ ಅಧಿಕಾರವಲ್ಲ ಎಂದು ಸ್ಪಷ್ಟವಾಗಿ ಇದೆ.

ಆ ಮಾತನ್ನು ಯಾರೂ ಓದುವುದಿಲ್ಲ. ಅದೇ ನನ್ನ ದೊಡ್ಡ ತಕರಾರು. ನಮ್ಮ ಕಡೆ ಅಡಿಕೆ ತೋಟಕ್ಕೆ ದಣಪೆ ಇರುತ್ತದೆ. ದನ ನುಗ್ಗದ ಹಾಗೆ ಅಡ್ಡ ಹಾಕಿದ ಗಳ. ಮನುಷ್ಯರು ಸರಿಸಿ ಒಳಗೆ ಹೋಗಬಹುದು. ದಣಪೆ ಹಾಕಿದ್ದೇನೆ ಅಂತ ಯಾರೂ ಅಂಗಳದಲ್ಲಿ ಚಿನ್ನ ಬಿಟ್ಟು ಪೇಟೆಗೆ ಹೋಗುವುದಿಲ್ಲ. ಆದರೆ ವೆಬ್‌ಸೈಟ್ ವಿಷಯದಲ್ಲಿ ಹೋಗುತ್ತಾರೆ.

ಒಂದು ಖಾಸಗಿ ಶಾಲೆಯ ಸೈಟು ನನ್ನ ಕೈಗೆ ರಿಪೇರಿಗೆ ಬಂತು. ರೋಬಾಟ್ಸ್ ಫೈಲಿನಲ್ಲಿ ಉದ್ದಕ್ಕೆ ಡಿಸ್‌ಅಲೌ ಸಾಲುಗಳು. ಒಂದು ಸಾಲಿನಲ್ಲಿ ಅಡ್ಮಿಷನ್ ಫೋಲ್ಡರಿನ ಹೆಸರು, ಇನ್ನೊಂದರಲ್ಲಿ ಆಧಾರ್, ಮತ್ತೊಂದರಲ್ಲಿ ಶುಲ್ಕ ಬಾಕಿ. ಬ್ರೌಸರಿನಲ್ಲಿ ಆ ವಿಳಾಸ ಹೊಡೆದರೆ ಮಕ್ಕಳ ಫೋಟೋ, ಆಧಾರ್ ಕಾರ್ಡಿನ ಸ್ಕ್ಯಾನ್, ಅಪ್ಪ ಅಮ್ಮನ ಫೋನ್ ನಂಬರು ಸಾಲಾಗಿ ತೆರೆದುಕೊಂಡಿತು. ಪಾಸ್‌ವರ್ಡ್ ಕೇಳಲಿಲ್ಲ. ಆ ಫೈಲು ಬರೆದವರ ಲೆಕ್ಕದಲ್ಲಿ ಅದೆಲ್ಲ 'ಬ್ಲಾಕ್' ಆಗಿತ್ತು. ನಿಜವಾಗಿ ಆಗಿದ್ದು ತಿರುಗಾಮುರುಗಾ. ಈ ಫೈಲನ್ನು ಯಾರು ಬೇಕಾದರೂ ಓದಬಹುದು. ಕೆಟ್ಟ ಉದ್ದೇಶದವನು ಮೊದಲು ತೆರೆಯುವುದೇ ಇದನ್ನು. ಮುಚ್ಚಿಡಬೇಕಾದ ಜಾಗಗಳ ಪಟ್ಟಿಯನ್ನು ಶಾಲೆಯವರೇ ಅವನ ಕೈಗೆ ಕೊಟ್ಟ ಹಾಗಾಯಿತು. ಎಲ್ಲವನ್ನೂ ಅಲ್ಲಿಂದ ತೆಗೆಸಿ, ಬೇಕಾದ್ದನ್ನು ಲಾಗಿನ್ ಹಿಂದೆ ಇಡಿಸಿದೆ. ದೇಶದಲ್ಲಿ 2023ರಿಂದ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆಯ ಕಾನೂನಿದೆ, ಮಕ್ಕಳ ವಿಷಯದಲ್ಲಿ ಅದು ಇನ್ನೂ ಬಿಗಿ ಅಂತ ಹೇಳಿದೆ. "ಗೂಗಲ್‌ನಲ್ಲಿ ಬರ್ತಿರಲಿಲ್ಲವಲ್ಲ ಮೇಡಂ" ಅಂದರು.

ಆ ಮಾತೂ ಪೂರ್ತಿ ನಿಜವಲ್ಲ. ಡಿಸ್‌ಅಲೌ ಅಂದರೆ ಓದಬೇಡ ಅಂತ ಮಾತ್ರ. ಹುಡುಕಾಟದಲ್ಲಿ ತೋರಿಸಬೇಡ ಅಂತ ಅಲ್ಲ. ಬೇರೆ ಯಾವುದಾದರೂ ಸೈಟಿನಿಂದ ಆ ಪುಟಕ್ಕೆ ಲಿಂಕ್ ಇದ್ದರೆ, ಒಳಗೆ ಏನಿದೆ ಅಂತ ಓದದೆಯೇ ಗೂಗಲ್ ವಿಳಾಸವನ್ನು ಪಟ್ಟಿಗೆ ಸೇರಿಸಬಹುದು. ತೋರಿಸಲೇಬಾರದು ಅಂದರೆ ಪುಟದಲ್ಲಿ ನೋಇಂಡೆಕ್ಸ್ ಹಾಕಬೇಕು. ಇಲ್ಲೊಂದು ತಮಾಷೆ ಇದೆ. ನೋಇಂಡೆಕ್ಸ್ ಕಾಣಬೇಕಾದರೆ ಬಾಟ್ ಆ ಪುಟ ಓದಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ಓದುವುದೂ ಇಲ್ಲ, ನೋಇಂಡೆಕ್ಸ್ ಕಾಣುವುದೂ ಇಲ್ಲ. ಭದ್ರವಾಗಿರಲಿ ಅಂತ ಎರಡೂ ಹಾಕಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ರೋಬಾಟ್ಸ್ ಫೈಲಿನ ಒಳಗೇ ನೋಇಂಡೆಕ್ಸ್ ಅಂತ ಬರೆಯುವವರೂ ಇದ್ದಾರೆ. 2019ರ ಸೆಪ್ಟೆಂಬರ್ 1ರಿಂದ ಗೂಗಲ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಚೆನ್ನಾಗಿ ಬರೆದ ರೋಬಾಟ್ಸ್ ಫೈಲು ಹೇಗಿರುತ್ತದೆ ಅಂತ ಕೇಳಿದರೆ ನಾನು ಕನ್ನಡ ವಿಕಿಪೀಡಿಯಾದ್ದನ್ನು ತೋರಿಸುತ್ತೇನೆ. ವಿಕಿಪೀಡಿಯಾದ ಎಲ್ಲ ಭಾಷೆಗಳಿಗೂ ಮುಖ್ಯ ಭಾಗ ಒಂದೇ. ಉದ್ದದ ಫೈಲು. ನಡುನಡುವೆ ಮನುಷ್ಯರು ಓದಲಿ ಅಂತ ಟಿಪ್ಪಣಿಗಳಿವೆ. ನಿಧಾನಕ್ಕೆ ಬರುವ ಸ್ನೇಹದ ಬಾಟ್‌ಗಳು ಲೇಖನಗಳನ್ನು ಧಾರಾಳವಾಗಿ ನೋಡಲಿ, ಆದರೆ ಕೇಳಿದಾಗಲೆಲ್ಲ ಹೊಸದಾಗಿ ತಯಾರಾಗುವ ಪುಟಗಳ ಕಡೆ ಬರಬೇಡಿ ಎಂಬ ಅರ್ಥದ ಮಾತು ಅಲ್ಲಿದೆ. ಯಾಕೆ ಬೇಡ ಅಂದರೆ ಪ್ರತಿ ಸಲವೂ ಸರ್ವರ್ ದುಡಿಯಬೇಕು. ಯಾರಿಗೆ, ಯಾವುದು, ಯಾಕೆ ಬೇಡ ಅಂತ ಕಾರಣ ಕೊಟ್ಟು ಬರೆದಿದ್ದಾರೆ. ನಮ್ಮವರ ಫೈಲುಗಳಲ್ಲಿ ಬೇರೆಲ್ಲಿಂದಲೋ ಕಾಪಿ ಹೊಡೆದ ಸಾಲು ಬಿಟ್ಟರೆ ಇನ್ನೇನೂ ಇರುವುದಿಲ್ಲ.

ಇನ್ನೊಂದು ಫೈಲು ಸೈಟ್‌ಮ್ಯಾಪ್. ರೋಬಾಟ್ಸ್ ಫೈಲು ಬೇಡ ಅನ್ನುವುದನ್ನು ಹೇಳಿದರೆ ಇದು ಏನೇನು ಇದೆ ಅಂತ ಹೇಳುತ್ತದೆ. 2005ರಲ್ಲಿ ಗೂಗಲ್ ಶುರು ಮಾಡಿತು, ಮರುವರ್ಷ ಯಾಹೂ, ಮೈಕ್ರೋಸಾಫ್ಟ್ ಒಪ್ಪಿಕೊಂಡವು. ಒಂದು ಫೈಲಿನಲ್ಲಿ 50,000 ವಿಳಾಸ ಹಾಕಬಹುದು. ಜಾಸ್ತಿ ಇದ್ದರೆ ಇನ್ನೊಂದು ಮಾಡಿಕೊಳ್ಳಬೇಕು. ಹೊಸ ಪುಟಗಳಿಗೆ ಮುಖಪುಟದಿಂದ ಲಿಂಕ್ ಇರುತ್ತದೆ, ಬಾಟ್ ಹೇಗೋ ತಲುಪುತ್ತದೆ. ಪತ್ರಿಕೆ, ಸಂಘಗಳ ಹಳೆಯ ಬರಹಗಳಿಗೇ ಇದು ಬೇಕಾಗಿರುವುದು. ಹತ್ತು ವರ್ಷದ ಹಿಂದಿನ ಲೇಖನಕ್ಕೆ ಎಲ್ಲಿಂದಲೂ ಲಿಂಕ್ ಇರುವುದಿಲ್ಲ. ಸೈಟ್‌ಮ್ಯಾಪಿನಲ್ಲೂ ಇಲ್ಲದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಸುದ್ದಿಗಾಗಿ ಇರುವ ಬೇರೆ ಸೈಟ್‌ಮ್ಯಾಪಿನಲ್ಲಿ ಕಳೆದ ಎರಡು ದಿನದ ಸುದ್ದಿಗೆ ಮಾತ್ರ ಜಾಗ. ಅದೊಂದನ್ನೇ ಮಾಡಿ ಹಳೆಯದನ್ನು ಕೈಬಿಟ್ಟವರು ತಮ್ಮ ಭಂಡಾರವನ್ನೇ ಕೈಬಿಟ್ಟಂತೆ. ಪುಟ ಯಾವಾಗ ಬದಲಾಯಿತು ಅಂತ ದಿನಾಂಕ ಹಾಕಲು ಒಂದು ಜಾಗ ಇದೆ. ಕೆಲವರು ದಿನಾ ಎಲ್ಲ ಪುಟಕ್ಕೂ ಇವತ್ತಿನ ದಿನಾಂಕ ಬರುವ ಹಾಗೆ ಮಾಡಿರುತ್ತಾರೆ, ಗೂಗಲ್ ಬೇಗ ಬರಲಿ ಅಂತ. ದಿನಾಂಕ ನಿಜ ಅಂತ ಕಂಡರೆ ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದು.

ಕನ್ನಡದ್ದೇ ಆದ ಒಂದು ತಾಪತ್ರಯ ಇಲ್ಲಿ ಹೇಳಲೇಬೇಕು. ಪುಟದ ವಿಳಾಸವನ್ನು ಕನ್ನಡದಲ್ಲೇ ಇಡಬಹುದು, ಗೂಗಲ್‌ಗೆ ಅದರಿಂದ ಏನೂ ತೊಂದರೆ ಇಲ್ಲ. ಆದರೆ ಒಳಗಡೆ ಅದು ಶೇಕಡಾ ಗುರುತುಗಳ ಸಾಲಾಗಿ ಬದಲಾಗುತ್ತದೆ. ಒಂದೊಂದು ಅಕ್ಷರ ಚಿಹ್ನೆಗೂ ಒಂಬತ್ತು ಸ್ಥಾನ ಬೇಕು. ಗೃಹಲಕ್ಷ್ಮಿ ಅಂತ ಬರೆದರೆ ಒತ್ತಕ್ಷರ, ಗುಣಿತ ಎಲ್ಲ ಸೇರಿ ಹತ್ತು ಚಿಹ್ನೆ. ಅಂದರೆ 90 ಸ್ಥಾನ. ವರ್ಡ್‌ಪ್ರೆಸ್‌ನಲ್ಲಿ ಪುಟದ ಹೆಸರಿಗೆ ಇರುವ ಜಾಗವೇ 200. ಎರಡು ಗೃಹಲಕ್ಷ್ಮಿ ಹಿಡಿಸಿದರೆ ಮುಗಿಯಿತು! ಉದ್ದದ ಕನ್ನಡ ಶೀರ್ಷಿಕೆಗಳು ನಡುವೆಯೇ ತುಂಡಾಗುತ್ತವೆ. ನಾನು ಈಗ ವಿಳಾಸಕ್ಕೆ ಎರಡು ಮೂರು ಚಿಕ್ಕ ಪದ ಮಾತ್ರ ಇಡುತ್ತೇನೆ, ಶೀರ್ಷಿಕೆ ಎಷ್ಟುದ್ದ ಬೇಕಾದರೂ ಇರಲಿ. ಇನ್ನು 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಹಾಗೇ ಏರಿಸಿದ ಪುಟ, ಪುಸ್ತಕದ ಹಾಳೆಯನ್ನು ಫೋಟೋ ತೆಗೆದು ಮಾಡಿದ ಪಿಡಿಎಫ್, ಇವಕ್ಕೆ ಯಾವ ಫೈಲೂ ಪರಿಹಾರ ಅಲ್ಲ. ಹಳೆಯ ಫಾಂಟಿನಲ್ಲಿದ್ದದ್ದು ನಮ್ಮ ಕಣ್ಣಿಗೆ ಕನ್ನಡ, ಬಾಟ್‌ಗೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ಗೋಜಲು. ಅದನ್ನು ಯುನಿಕೋಡ್ ಮಾಡಲೇಬೇಕು.

ಈಗ ಹೊಸ ಅತಿಥಿಗಳು ಬಂದಿದ್ದಾರೆ. ಎಐ ಕಂಪನಿಗಳ ಬಾಟ್‌ಗಳು. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ತನ್ನ ಜಿಪಿಟಿಬಾಟ್ ಹೆಸರನ್ನು 2023ರ ಆಗಸ್ಟಿನಲ್ಲಿ ಹೇಳಿತು, ಬೇಡದವರು ರೋಬಾಟ್ಸ್ ಫೈಲಿನಲ್ಲಿ ತಡೆಯಿರಿ ಅಂತ. ಮರುತಿಂಗಳು ಗೂಗಲ್ ಕೂಡ ಗೂಗಲ್-ಎಕ್ಸ್‌ಟೆಂಡೆಡ್ ಎಂಬ ಹೆಸರು ಕೊಟ್ಟಿತು. ಅದನ್ನು ತಡೆದರೆ ಹುಡುಕಾಟಕ್ಕೆ ಏನೂ ಆಗುವುದಿಲ್ಲ, ಗೂಗಲ್‌ನ ಜೆಮಿನಿ ಎಂಬ ಎಐಗೆ ಮಾತ್ರ ಬೇಡ ಅಂದಂತೆ. ಇದು ಗೊತ್ತಿಲ್ಲದೆ 'ಎಐ ಬೇಡ' ಅಂತ ಗೂಗಲ್‌ಬಾಟನ್ನೇ ತಡೆದು ಹುಡುಕಾಟದಿಂದಲೂ ಮಾಯವಾದ ಸೈಟುಗಳಿವೆ. ನನ್ನ ಗಿರಾಕಿಗಳಲ್ಲಿ ಎರಡು ಬಣ ಇದೆ. ನಾವು ಕಷ್ಟಪಟ್ಟು ಬರೆದದ್ದನ್ನು ಪುಕ್ಕಟೆ ಯಾಕೆ ಕೊಡಬೇಕು ಅನ್ನುವವರು ಒಂದು ಕಡೆ. ಕನ್ನಡ ಅವಕ್ಕೆ ಸಿಗದಿದ್ದರೆ ನಾಳೆ ಕೆಟ್ಟ ಕನ್ನಡ ಮಾತಾಡುತ್ತವೆ, ಆಗ ಯಾರನ್ನು ಬೈಯುವುದು ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮಾತು ಹಿಡಿಸುತ್ತದೆ, ಆದರೆ ಬರೆದವರು ನಾನಲ್ಲವಲ್ಲ. ಬರೆದವರು, ಸಂಪಾದಕರು ಕೂತು ತೀರ್ಮಾನ ಮಾಡಲಿ. ಈಗ ಆಗುತ್ತಿರುವುದು ಹಾಗಲ್ಲ. ಸೈಟುಗಳಿಗೆ ರಕ್ಷಣೆ ಒದಗಿಸುವ ಕ್ಲೌಡ್‌ಫ್ಲೇರ್ ಕಂಪನಿ 2025ರ ಜುಲೈನಿಂದ ಹೊಸದಾಗಿ ಸೇರುವ ಸೈಟುಗಳಿಗೆ ಎಐ ಬಾಟ್‌ಗಳನ್ನು ತಾನಾಗಿಯೇ ತಡೆಯುವ ಪದ್ಧತಿ ತಂದಿದೆ. ಅದು ತಪ್ಪು ಅನ್ನುವುದಿಲ್ಲ. ಆದರೆ ತಮ್ಮ ಸೈಟಿನಲ್ಲಿ ಯಾವ ತೀರ್ಮಾನ ಜಾರಿಯಲ್ಲಿದೆ ಅಂತ ಸಂಘದ ಅಧ್ಯಕ್ಷರಿಗೂ ಗೊತ್ತಿಲ್ಲ, ಸಂಪಾದಕರಿಗೂ ಗೊತ್ತಿಲ್ಲ. ಹೋಸ್ಟಿಂಗ್ ಮಾಡುವ ಹುಡುಗನಿಗೆ ಗೊತ್ತಿದ್ದರೆ ನಮ್ಮ ಪುಣ್ಯ.

ಆದ್ದರಿಂದ ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮೊಬೈಲು, ಕ್ಯಾಮೆರಾ, ಬ್ಯಾಟರಿ ಬಗ್ಗೆ ವಾರವಾರ ಬರುತ್ತದೆ. ಒಂದು ವಾರ ಈ ಎರಡು ಫೈಲುಗಳಿಗೆ ಅರ್ಧ ಪುಟ ಕೊಡಿ, ಚಿತ್ರ ಹಾಕಿ, ಓದುಗರು ತಮ್ಮ ಊರಿನ ಶಾಲೆ, ಗ್ರಂಥಾಲಯ, ಸಂಘದ ಸೈಟನ್ನು ತಾವೇ ನೋಡುವ ಹಾಗೆ. ಸರ್ಕಾರಿ ಕಚೇರಿ, ಕಾಲೇಜುಗಳಲ್ಲಿ ವೆಬ್‌ಸೈಟ್ ಟೆಂಡರ್ ಬರೆಯುವವರು ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗೂ ಒಂದು ಮಾತು. ಟೆಂಡರಿನಲ್ಲಿ ಬಣ್ಣ, ಲೋಗೋ, ಸ್ಲೈಡರ್, ಅಧ್ಯಕ್ಷರ ಫೋಟೋದ ಅಳತೆ ಎಲ್ಲ ಇರುತ್ತದೆ. ಅದರ ಜೊತೆ ಇನ್ನೊಂದು ಸಾಲು ಸೇರಿಸಿ. ಸೈಟು ಶುರುವಾದ ಮೇಲೆ ರೋಬಾಟ್ಸ್ ಫೈಲು, ಸೈಟ್‌ಮ್ಯಾಪ್ ಎರಡನ್ನೂ ಸಮಿತಿಯವರ ಮೊಬೈಲಿನಲ್ಲಿ ತೆರೆದು ತೋರಿಸಿ, ಪ್ರತಿ ಸಾಲು ಯಾಕಿದೆ ಅಂತ ಕನ್ನಡದಲ್ಲಿ ಹೇಳಬೇಕು. ಹೇಳಿದ ಮೇಲೇ ಕೊನೆಯ ಬಿಲ್ ಪಾಸ್ ಮಾಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು
ಸಾಗರ, ಶಿವಮೊಗ್ಗ ಜಿಲ್ಲೆ